ಗದ್ದಲದ ಹೊತ್ತಿನಲ್ಲಿ ಸ್ಪೆಶಾಲಿಟಿ ಕಾಫಿ ಅಂಗಡಿ: ಬೆಳಗಾವಿಯವರಿಗೆ ಹಂತ ಹಂತದ ಮಾರ್ಗದರ್ಶಿ

ಸ್ಪೆಶಾಲಿಟಿ ಕಾಫಿ ಅಂಗಡಿಗೆ, ಅಂದರೆ ಆರಿಸಿದ ಬೀಜವನ್ನು ಅಲ್ಲೇ ಬೀಸಿ ಒಂದೊಂದೇ ಕಪ್ ಮಾಡಿಕೊಡುವ ಅಂಗಡಿಗೆ, ಭಾನುವಾರ ಸಂಜೆ ಆರಕ್ಕೆ ಹೊರಡುವುದು, ಗಾಡಿ ನಿಲ್ಲಿಸಲು ಹದಿನೈದು ನಿಮಿಷ, ಪಾಳಿಯಲ್ಲಿ ಅರ್ಧ ತಾಸು, ಕಾಫಿ ಬರಲು ಮತ್ತೆ ಇಪ್ಪತ್ತು ನಿಮಿಷ. ಕೊನೆಗೆ ಕೈಗೆ ಬಂದ ಕಪ್‌ನಲ್ಲಿ ಹುಳಿ ನೀರು. "ಇದಕ್ಕಿಂತ ನಮ್ಮ ಚಾ ಚಲೋ" ಎಂದು ಎದ್ದು ಬಂದವರು ಬೆಳಗಾವಿಯಲ್ಲಿ ಬಹಳ ಮಂದಿ ಇದ್ದಾರೆ. ಹೆಚ್ಚಿನ ಸಲ ತಪ್ಪು ಕಾಫಿಯದ್ದೂ ಅಲ್ಲ, ಗದ್ದಲದ್ದೂ ಅಲ್ಲ. ಮೊದಲು ಟೇಬಲ್ ಹಿಡಿದು, ಆಮೇಲೆ ಪಾಳಿ ಹಚ್ಚಿ, ಕೌಂಟರಿನ ಮುಂದೆ ನಿಂತ ಮೇಲೆ ಮೆನು ಓದಲು ಶುರು ಮಾಡಿರುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು: ಮೊದಲು ಏನು ಬೇಕೆಂಬ ನಿರ್ಧಾರ, ಆಮೇಲೆ ಪಾಳಿ, ಕೊನೆಗೆ ಖುರ್ಚಿ.

ಕೈಯಲ್ಲಿರಬೇಕಾದ್ದು ಹೆಚ್ಚೇನಿಲ್ಲ. ಚಾರ್ಜ್ ಇರುವ ಮೊಬೈಲ್, ಯುಪಿಐ ಕೈಕೊಟ್ಟರೆ ಇರಲೆಂದು ಸ್ವಲ್ಪ ನಗದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ರೇನ್‌ಕೋಟ್ ಹಾಕಿಡಲು ಒಂದು ಪ್ಲಾಸ್ಟಿಕ್ ಚೀಲ. ಬೀಜ ಕೊಳ್ಳುವ ವಿಚಾರವಿದ್ದರೆ ನಿಮ್ಮ ಮನೆಯ ಫಿಲ್ಟರಿನ ಒಂದು ಫೋಟೊ ಮೊಬೈಲಿನಲ್ಲಿರಲಿ. ಅದು ಯಾಕೆಂಬುದು ಕೊನೆಯ ಹಂತದಲ್ಲಿದೆ.

## ಹಂತ 1: ಏನು ಕುಡಿಯುವುದೆಂದು ಮನೆಯಲ್ಲೇ ಆರಿಸಿ

ಹೆಚ್ಚಿನ ಅಂಗಡಿಗಳ ಮೆನು ಅವರ ಇನ್‌ಸ್ಟಾಗ್ರಾಮ್ ಪುಟದಲ್ಲೋ ಗೂಗಲ್ ಮ್ಯಾಪ್‌ನ ಫೋಟೊಗಳಲ್ಲೋ ಸಿಗುತ್ತದೆ. ಮನೆಯಲ್ಲಿ ಐದು ನಿಮಿಷ ಓದಿದರೆ ಕೌಂಟರಿನಲ್ಲಿ ಗೊಂದಲವಿಲ್ಲ. ಓದುವಾಗ ಮೂರು ಹೆಸರುಗಳ ಬಗ್ಗೆ ಎಚ್ಚರ ಬೇಕು. ಜನ ಮೋಸ ಹೋಗುವುದು ಇಲ್ಲಿಯೇ.

ಎಸ್ಪ್ರೆಸೊ. ನಮ್ಮ ಕಡೆ ಮದುವೆ ಮನೆಯಲ್ಲಿ 'ಎಸ್ಪ್ರೆಸೊ ಕಾಫಿ' ಎಂದರೆ ಉಗಿ ಹಾಯಿಸಿ ನೊರೆ ಬರಿಸಿದ ಹಾಲಿನ ಕಾಫಿ, ಮೇಲೊಂದು ಚಿಟಿಕೆ ಕೋಕೊ ಪುಡಿ. ಸ್ಪೆಶಾಲಿಟಿ ಅಂಗಡಿಯಲ್ಲಿ ಎಸ್ಪ್ರೆಸೊ ಎಂದರೆ ಸುಮಾರು 18 ಗ್ರಾಂ ಪುಡಿಯಿಂದ 25–30 ಸೆಕೆಂಡಿನಲ್ಲಿ ಇಳಿಸಿದ 36 ಗ್ರಾಂನಷ್ಟು ಗಟ್ಟಿ ರಸ. ಹಾಲಿಲ್ಲ, ಸಕ್ಕರೆಯಿಲ್ಲ, ಎರಡು ಮೂರು ಗುಟುಕಿಗೆ ಮುಗಿಯುತ್ತದೆ. ಮದುವೆ ಮನೆಯ ರುಚಿ ನೆನೆದು ಹೋದವರು ಕಪುಚಿನೊ ಕೇಳಬೇಕು.

ಫಿಲ್ಟರ್ ಕಾಫಿ. ಸ್ಟೀಲ್ ಲೋಟದಲ್ಲಿ ಬರುವ ಡಿಕಾಕ್ಷನ್-ಹಾಲಿನ ಕಾಫಿ ಎಂದುಕೊಂಡು ಕೇಳುತ್ತಾರೆ. ಇಂಥ ಅಂಗಡಿಯ ಮೆನುವಿನಲ್ಲಿ 'ಫಿಲ್ಟರ್' ಅಥವಾ 'ಪೋರ್ ಓವರ್' ಎಂದಿದ್ದರೆ ಅದು ಕಾಗದದ ಫಿಲ್ಟರಿನ ಮೂಲಕ ಇಳಿಸಿದ, ಹಾಲಿಲ್ಲದ, ತಿಳಿ ಕಾಫಿ ಆಗಿರಬಹುದು. ಕೆಲವು ಅಂಗಡಿಗಳಲ್ಲಿ ಎರಡೂ ಇರುತ್ತವೆ. "ಇದು ಹಾಲಿಂದೋ ಕರೀದೋ ರೀ?" ಎಂಬ ಒಂದೇ ಪ್ರಶ್ನೆ ಸಾಕು.

ಕೋಲ್ಡ್ ಬ್ರೂ. ಐಸ್‌ಕ್ರೀಮ್, ಹಾಲು ಹಾಕಿ ಮಿಕ್ಸಿಯಲ್ಲಿ ತಿರುಗಿಸಿದ್ದು ಕೋಲ್ಡ್ ಕಾಫಿ. ಕೋಲ್ಡ್ ಬ್ರೂ ಎಂದರೆ ದಪ್ಪ ಪುಡಿಯನ್ನು ತಣ್ಣೀರಿನಲ್ಲಿ 12ರಿಂದ 18 ತಾಸು ನೆನೆಸಿ ಸೋಸಿದ ಕರಿ ಕಾಫಿ. ಮಕ್ಕಳಿಗೆಂದು ಇದನ್ನು ತರಿಸಿ ಬಿಟ್ಟು ಹೋಗುವ ಮನೆಮಂದಿ ಬಹಳ.

ಇನ್ನು ಆಯ್ಕೆ. ದಿನಾ ಖಡಕ್ ಚಾ ಕುಡಿಯುವವರಿಗೆ ಮೊದಲ ಸಲ ಫ್ಲ್ಯಾಟ್ ವೈಟ್ ಹೊಂದುತ್ತದೆ: ಸುಮಾರು 150 ಮಿಲಿ, ನೊರೆ ತೆಳು, ಕಾಫಿ ಮುಂದೆ, ಹಾಲು ಹಿಂದೆ. ನೊರೆ ಇಷ್ಟವೆಂದರೆ ಕಪುಚಿನೊ. ಗೊತ್ತಿರುವ ಹೆಸರು, ದೊಡ್ಡ ಕಪ್ ಎಂದು ಲಾಟೆ ಕೇಳಬೇಡಿ. ಅದರಲ್ಲಿ 220–250 ಮಿಲಿಯಷ್ಟು ಇರುತ್ತದೆ, ಕಾಫಿಯ ರಸ ಮಾತ್ರ ಫ್ಲ್ಯಾಟ್ ವೈಟ್‌ನಲ್ಲಿರುವಷ್ಟೇ. ಚಾ ಕುಡಿದ ನಾಲಿಗೆಗೆ ಬರೀ ಬಿಸಿ ಹಾಲು ಕುಡಿದಂತಾಗುತ್ತದೆ. ಚಿಕೋರಿ ಬೆರೆತ ಫಿಲ್ಟರ್ ಕಾಫಿಗೆ ಒಗ್ಗಿದವರು ರೊಬಸ್ಟಾ (ಕಹಿ ಹೆಚ್ಚಿರುವ ಕಾಫಿ ಜಾತಿ) ಬೆರೆಸಿದ ಬ್ಲೆಂಡ್ ಇದೆಯೇ ಎಂದು ಕೇಳಿ ಅದರಲ್ಲಿ ಕಪುಚಿನೊ ಮಾಡಿಸಿಕೊಳ್ಳಲಿ. ಈ ಅಂಗಡಿಗಳ ಕಾಫಿಯಲ್ಲಿ ಸಾಮಾನ್ಯವಾಗಿ ಚಿಕೋರಿ ಇರುವುದಿಲ್ಲ, ಆದ್ದರಿಂದ ಆ ದಪ್ಪ ಕಹಿ ಹಾಗೆಯೇ ಸಿಗದು.

ಕರಿ ಕಾಫಿ ಕುಡಿದು ನೋಡುವವರು ಬೀಜದ ಚೀಟಿಯನ್ನು ಹೀಗೆ ಓದಿ. 'ವಾಶ್ಡ್' ಎಂದರೆ ಹಣ್ಣಿನ ಸಿಪ್ಪೆ, ಲೋಳೆ ತೊಳೆದು ಒಣಗಿಸಿದ ಬೀಜ. ಕೊಡಗು, ಚಿಕ್ಕಮಗಳೂರಿನ ತೋಟದವರು ಪಾರ್ಚ್‌ಮೆಂಟ್ ಎನ್ನುತ್ತಾರೆ. ರುಚಿ ತಿಳಿ, ಶುಚಿ. 'ನ್ಯಾಚುರಲ್' ಎಂದರೆ ಹಣ್ಣಿನ ಸಮೇತ ಒಣಗಿಸಿದ್ದು, ತೋಟದ ಮಾತಿನಲ್ಲಿ ಚೆರಿ. ಹಣ್ಣಿನ ವಾಸನೆ ಜೋರು, ಒಮ್ಮೊಮ್ಮೆ ಹುದುಗಿದ ಘಾಟು. 'ಹನಿ' ಎಂದಿದ್ದರೆ ಅದರಲ್ಲಿ ಜೇನುತುಪ್ಪ ಇಲ್ಲ. ಸಿಪ್ಪೆ ತೆಗೆದು, ಅಂಟು ಲೋಳೆಯನ್ನು ಬೀಜಕ್ಕೇ ಬಿಟ್ಟು ಒಣಗಿಸಿದ್ದಕ್ಕೆ ಆ ಹೆಸರು. ಮೊದಲ ಸಲಕ್ಕೆ ವಾಶ್ಡ್, ಮೀಡಿಯಂ ರೋಸ್ಟ್, ಅಂದರೆ ನಡುಹದಕ್ಕೆ ಹುರಿದದ್ದು. ಸೆಲೆಕ್ಷನ್ 795 ತಳಿಯದ್ದು ಸಿಕ್ಕರೆ ಧೈರ್ಯವಾಗಿ ಕುಡಿಯಬಹುದು. ಅದರ ಹುಳಿ ಹದವಾಗಿರುತ್ತದೆ.

## ಹಂತ 2: ಹೊತ್ತು ನೋಡಿ ಹೊರಡಿ

ವಾರದ ದಿನಗಳಲ್ಲಿ ಸಂಜೆ 5ರಿಂದ 8.30 ಕಾಲೇಜಿನ ಹುಡುಗರ ಹೊತ್ತು. ಭಾನುವಾರ ಬೆಳಿಗ್ಗೆ 9.30ರಿಂದ 12 ಮತ್ತು ಸಂಜೆ 5ರಿಂದ 9 ಮನೆಮಂದಿಯ ಹೊತ್ತು. ನಿರಾಳವಾಗಿ ಸಿಗುವುದು ವಾರದ ದಿನಗಳ ಮಧ್ಯಾಹ್ನ 2.30ರಿಂದ 4.

ಬಾಗಿಲು ತೆರೆದ ಕೂಡಲೇ ಹೋಗುವುದೂ ಜಾಣತನವೇನಲ್ಲ. ಬೆಳಿಗ್ಗೆ ಬರಿಸ್ತಾ, ಅಂದರೆ ಕಾಫಿ ಮಾಡುವವರು, ಗ್ರೈಂಡರನ್ನು ಆ ದಿನದ ಹವೆಗೆ, ಆ ದಿನದ ಬೀಜಕ್ಕೆ ಹೊಂದಿಸುತ್ತಿರುತ್ತಾರೆ. ನಾಲ್ಕೈದು ಶಾಟ್ (ಒಂದು ಸಲ ಇಳಿಸಿದ ಎಸ್ಪ್ರೆಸೊ ರಸ) ತೆಗೆದು, ರುಚಿ ನೋಡಿ, ಚೆಲ್ಲಿ, ಮತ್ತೆ ತಿರುಪು ತಿರುವುತ್ತಾರೆ. ಅವಸರದಲ್ಲಿ ಆ ಕೆಲಸ ಅರ್ಧಕ್ಕೆ ಬಿಟ್ಟರೆ ಮೊದಲ ಗಿರಾಕಿಗೆ ಸಿಗುವುದು ಹದ ತಪ್ಪಿದ ಕಾಫಿ. ತೆರೆದ ಅರ್ಧ ತಾಸಿನ ಮೇಲೆ ಹೋಗಿ. ಬೆಳಗಾವಿಯ ಮಳೆಗಾಲದಲ್ಲಿ ಈ ಮಾತು ಇನ್ನೂ ನಿಜ. ತೇವ ಏರಿಳಿದಂತೆ ಪುಡಿಯಲ್ಲಿ ನೀರು ಹಾಯುವ ವೇಗ ಬದಲಾಗುತ್ತದೆ, ದಿನಕ್ಕೆ ಎರಡು ಮೂರು ಸಲ ಗ್ರೈಂಡರ್ ತಿದ್ದಬೇಕಾಗುತ್ತದೆ.

ಕೆಲವು ದಿನ ಹೋಗುವುದೇ ಬೇಡ. ಗಣೇಶ ವಿಸರ್ಜನೆಯ ರಾತ್ರಿ, ಶಿವಜಯಂತಿಯ ಮೆರವಣಿಗೆಯ ರಾತ್ರಿ ಊರೊಳಗಿನ ರಸ್ತೆಗಳು ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ನಡೆಯುವಾಗ ಹೊರಗಿನ ಮಂದಿಯೇ ಊರು ತುಂಬಿರುತ್ತಾರೆ. ಮಳೆಗಾಲದ ಭಾನುವಾರಗಳಲ್ಲಿ ಅಂಬೋಲಿ ಕಡೆಯಿಂದ ತಿರುಗಿ ಬರುವ ಗುಂಪುಗಳು ಸಂಜೆ ಒಟ್ಟಿಗೆ ಇಳಿಯುತ್ತವೆ.

ಸಂಜೆ ಏಳರ ಮೇಲೆ ಕುಡಿಯುವವರಿಗೆ ಒಂದು ಮಾತು: ಒಳಗೆ ಹೋದ ಕೆಫೀನ್‌ನಲ್ಲಿ ಅರ್ಧದಷ್ಟು ಇಳಿಯಲು ಸುಮಾರು ಐದು ತಾಸು ಬೇಕು. ನಿದ್ದೆ ಹಗುರ ಇರುವ ಹಿರಿಯರಿಗೆ ಆ ಹೊತ್ತಿನಲ್ಲಿ ಹಾಟ್ ಚಾಕೊಲೇಟ್ ಒಳ್ಳೆಯದು. ಬಸುರಿಯರಿಗೆ ದಿನದ ಮಿತಿ 200 ಮಿಲಿಗ್ರಾಂ. 18 ಗ್ರಾಂ ಪುಡಿಯ ಒಂದು ಡಬಲ್ ಎಸ್ಪ್ರೆಸೊದಲ್ಲೇ ಅದರ ಅರ್ಧಕ್ಕಿಂತ ಹೆಚ್ಚು ಇರುತ್ತದೆ, ಚಾದಲ್ಲಿರುವುದೂ ಅದೇ ಲೆಕ್ಕಕ್ಕೆ ಸೇರುತ್ತದೆ.

## ಹಂತ 3: ಗಾಡಿ ನಿಲ್ಲಿಸಿ

ಟಿಳಕವಾಡಿ ಕಡೆಗಾದರೆ ರೈಲ್ವೆ ಗೇಟಿಗೆ ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ. ಕಾರು ಅಂಗಡಿಯ ಮುಂದೆಯೇ ನಿಲ್ಲಬೇಕೆಂಬ ಹಟ ಬೇಡ. ಅಡ್ಡರಸ್ತೆಯಲ್ಲಿ ನಿಲ್ಲಿಸಿ ಮೂರು ನಿಮಿಷ ನಡೆಯುವುದೇ ಬೇಗ. ಒಬ್ಬರು ಗಾಡಿ ನಿಲ್ಲಿಸುವಷ್ಟರಲ್ಲಿ ಇನ್ನೊಬ್ಬರು ಇಳಿದು ಪಾಳಿ ಹಚ್ಚಲಿ. ಬೇರೆಯವರ ಮನೆ ಗೇಟಿನ ಮುಂದೆ ನಿಲ್ಲಿಸಬೇಡಿ. ಬೀದಿಯವರ ಜಗಳಕ್ಕೆ ಅಂಗಡಿಯವರು ದಿನಾ ಉತ್ತರ ಕೊಡಬೇಕಾಗುತ್ತದೆ.

## ಹಂತ 4: ಅಂಗಡಿಯ ಪದ್ಧತಿ ಗುರುತಿಸಿ

ಅಂಗಡಿಗಳು ಎರಡು ಬಗೆ. ಬಾಗಿಲಲ್ಲಿ ಒಂದು ವಹಿಯೋ ಟ್ಯಾಬೋ ಹಿಡಿದು ಯಾರಾದರೂ ನಿಂತಿದ್ದರೆ ಅದು 'ಮೊದಲು ಜಾಗ' ಪದ್ಧತಿ. ಹೆಸರು, ಎಷ್ಟು ಮಂದಿ, ಮೊಬೈಲ್ ನಂಬರ್ ಬರೆಸಿ ಕಾಯಬೇಕು, ಕೂತ ಮೇಲೆ ಅವರೇ ಬಂದು ಕೇಳುತ್ತಾರೆ. ಕೌಂಟರಿನ ಮೇಲೆ ದೊಡ್ಡ ಮೆನು ಹಲಗೆ, ಪಕ್ಕದಲ್ಲಿ ಬಿಲ್ಲಿನ ಯಂತ್ರ, ಟೇಬಲ್‌ಗಳ ಮೇಲೆ ನಂಬರಿನ ಸ್ಟ್ಯಾಂಡು ಕಂಡರೆ ಅದು 'ಮೊದಲು ಆರ್ಡರ್' ಪದ್ಧತಿ.

ಎರಡನೆಯ ಬಗೆಯ ಅಂಗಡಿಯಲ್ಲಿ ಟೇಬಲ್ ಹಿಡಿದು ಕೂತು "ಯಾರೂ ಕೇಳಾಕ ಬರವಲ್ರು" ಎಂದು ಇಪ್ಪತ್ತು ನಿಮಿಷ ಕಾಯುವವರು ಪ್ರತಿ ವಾರ ಇರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಹತ್ತಿರದ ಹುಡುಗನನ್ನೋ ಹುಡುಗಿಯನ್ನೋ ಕೇಳಿಬಿಡಿ: "ಅಣ್ಣಾರ, ಮೊದಲ ಕೂಡಬೇಕೋ, ಆರ್ಡರ್ ಹೇಳಬೇಕೋ ರೀ?"

ಹೆಸರು ಬರೆಸಿದ ಮೇಲೆ ದೂರ ಹೋಗಬೇಡಿ. ಎರಡು ಸಲ ಕೂಗಿ ಉತ್ತರ ಬಾರದಿದ್ದರೆ ಮುಂದಿನವರಿಗೆ ಜಾಗ ಕೊಡುತ್ತಾರೆ.

## ಹಂತ 5: ಪಾಳಿಯಲ್ಲಿ ನಿಂತು ಕೌಂಟರ್ ನೋಡಿ

ಕಾಯುವ ಸಮಯ ಅಂದಾಜಿಸಲು ಜನರನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಯಂತ್ರದ ಮೇಲೋ ಪಕ್ಕದಲ್ಲೋ ಅಂಟಿಸಿದ ಆರ್ಡರ್ ಚೀಟಿಗಳನ್ನು ಎಣಿಸಿ. ಒಬ್ಬ ಬರಿಸ್ತಾ ಬೀಜ ಬೀಸಿ, ಪುಡಿ ಒತ್ತಿ, ಶಾಟ್ ಇಳಿಸಿ, ಹಾಲು ಕಾಯಿಸಿ ಒಂದು ಕಪ್ ಕೊಡಲು ಸುಮಾರು ಒಂದೂವರೆಯಿಂದ ಎರಡು ನಿಮಿಷ ಹಿಡಿಯುತ್ತದೆ. ನಿಮ್ಮ ಮುಂದೆ 12 ಕಪ್ ಇದ್ದರೆ ಇಪ್ಪತ್ತು ನಿಮಿಷ ಖಂಡಿತ. ಇಬ್ಬರು ನಿಂತಿದ್ದರೆ ಅದರ ಅರ್ಧದ ಹತ್ತಿರ. ಪೋರ್ ಓವರ್‌ಗೆ ನೀರು ಹನಿಸುವುದಕ್ಕೇ ಮೂರರಿಂದ ನಾಲ್ಕು ನಿಮಿಷ, ತಯಾರಿ ಸೇರಿ ಐದಾರು ನಿಮಿಷ. ಅಷ್ಟು ಹೊತ್ತು ಒಬ್ಬರ ಕೈ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೋಲ್ಡ್ ಬ್ರೂ ಹಿಂದಿನ ರಾತ್ರಿಯೇ ತಯಾರಾಗಿರುವುದರಿಂದ ಅರ್ಧ ನಿಮಿಷದಲ್ಲಿ ಲೋಟಕ್ಕೆ ಬೀಳುತ್ತದೆ. ಚೀಟಿಗಳು ಹದಿನೈದು ದಾಟಿದ್ದರೆ ಮನೆಯಲ್ಲಿ ಮಾಡಿದ ನಿರ್ಧಾರವನ್ನು ಇಲ್ಲಿ ಬದಲಿಸಬಹುದು: ಪೋರ್ ಓವರ್ ಬಿಟ್ಟು ಕೋಲ್ಡ್ ಬ್ರೂ ಅಥವಾ ಅಮೆರಿಕಾನೊ (ಬಿಸಿ ನೀರು ಬೆರೆಸಿದ ಎಸ್ಪ್ರೆಸೊ).

ನಿಂತ ಹೊತ್ತಿನಲ್ಲಿ ಕಣ್ಣು ಸ್ಟೀಮ್ ಕೊಳವೆಯ ಮೇಲಿರಲಿ. ಒಳ್ಳೆಯ ಬರಿಸ್ತಾ ಹಾಲಿನಿಂದ ಕೊಳವೆ ತೆಗೆದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಸಲ 'ಪುಸ್ಸ್' ಎಂದು ಉಗಿ ಬಿಟ್ಟು ಶುಚಿ ಮಾಡುತ್ತಾರೆ. ಹಾಲು ಕಾಯುವಾಗ ಮೊದಲೆರಡು ಸೆಕೆಂಡು ಕಾಗದ ಹರಿದ ಹಾಗೆ ಸಣ್ಣ ಸದ್ದು, ಆಮೇಲೆ ಗುಂಯ್ ಎಂಬ ಮೆಲ್ಲನೆ ಸದ್ದು. ಹಾಲು ಜಗ್ಗಿನೊಳಗೆ ಸುಳಿಯಂತೆ ತಿರುಗುತ್ತದೆ. ಉದ್ದಕ್ಕೂ ಕಿರ್ರೆಂದು ಚೀರಿದರೆ ಹಾಲಿಗೆ ಗಾಳಿ ಸೇರುತ್ತಿಲ್ಲ, ಬರೀ ಸುಡುತ್ತಿದೆ. ಹದವಾದ ನೊರೆ ಹಸಿ ಬಣ್ಣದ ಹಾಗೆ ಹೊಳೆಯುತ್ತದೆ. ಸೋಪಿನ ನೊರೆಯಂತೆ ದೊಡ್ಡ ಗುಳ್ಳೆ ಎದ್ದರೆ ಅಲ್ಲಿ ಹಾಲಿನ ಕಾಫಿ ಬೇಡ.

ಕೆಟ್ಟ ಲಕ್ಷಣಗಳು ಇನ್ನೂ ಇವೆ. ಕೊಳವೆಗೆ ಒಣಗಿ ಅಂಟಿದ ಹಾಲಿನ ಹಕ್ಕಳೆ. ಜಗ್ಗಿನಲ್ಲಿ ಉಳಿದ ಹಾಲಿಗೆ ಹೊಸ ಹಾಲು ಸುರಿದು ಮತ್ತೆ ಕಾಯಿಸುವುದು. ಗದ್ದಲ ಏರಿದಾಗ ಮೊದಲು ಆಗುವ ತಪ್ಪು ಇದೇ, ಎರಡನೇ ಸಲ ಕಾದ ಹಾಲಿಗೆ ಸಿಹಿ ಇರುವುದಿಲ್ಲ, ಬೆಂದ ವಾಸನೆ ಬರುತ್ತದೆ. ಶಾಟ್ ಇಳಿಯಲು ಶುರುವಾದ ಹದಿನೈದು ಸೆಕೆಂಡಿಗೇ ಕಪ್ ತುಂಬಿ, ಬಣ್ಣ ನೀರುನೀರಾಗಿ ಹಳದಿಗೆ ತಿರುಗಿದರೆ ಪುಡಿ ದಪ್ಪವಾಗಿದೆ, ಆ ಕಪ್ ಹುಳಿಯಾಗುತ್ತದೆ. ಕಪ್‌ನ ಕೆಳಗೆ ಪುಟ್ಟ ತಕ್ಕಡಿ ಇಟ್ಟು ತೂಗುವುದು ಕಂಡರೆ ಒಳ್ಳೆಯ ಗುರುತು. ಗದ್ದಲದಲ್ಲೂ ತೂಗುವವರನ್ನು ನಂಬಬಹುದು.

## ಹಂತ 6: ಒಂದೇ ಉಸಿರಿಗೆ ಆರ್ಡರ್ ಹೇಳಿ

ಎಂಟು ಮಂದಿ ಬಂದು ಎಂಟು ಬಗೆ ಕೇಳಿದರೆ ಮೊದಲ ಕಪ್ ಆರಿ ಹೋದ ಮೇಲೆ ಕೊನೆಯ ಕಪ್ ಬರುತ್ತದೆ. ಎರಡು ಮೂರು ಬಗೆಗೆ ಇಳಿಸಿಕೊಳ್ಳಿ. ಹಾಲಿನ ಕಾಫಿಗಳು ಒಂದೇ ಬಗೆಯವಾದರೆ ಬರಿಸ್ತಾ ಒಂದೇ ಜಗ್ಗಿನಲ್ಲಿ ಎರಡು ಕಪ್‌ಗೆ ಹಾಲು ಕಾಯಿಸಬಹುದು, ಕೆಲಸ ಬೇಗ ಮುಗಿಯುತ್ತದೆ.

ಹೇಳುವವರು ಒಬ್ಬರೇ ಇರಲಿ. ಎಣಿಕೆ, ಹೆಸರು, ಇಲ್ಲಿಗೋ ಪಾರ್ಸೆಲ್ಲೋ, ಕೊನೆಗೆ ಬದಲಾವಣೆ, ಈ ಕ್ರಮದಲ್ಲಿ ಹೇಳಿ:

"ಮೂರು ಕಪುಚಿನೊ, ಎರಡು ಕೋಲ್ಡ್ ಬ್ರೂ, ಒಂದು ಹಾಟ್ ಚಾಕೊಲೇಟ್. ಎಲ್ಲಾ ಇಲ್ಲೇ ಕುಡಿಯೂದ್ರಿ. ಸಕ್ಕರಿ ಬ್ಯಾರೆ ಕೊಡ್ರಿ."

ತಿನ್ನುವುದನ್ನೂ ಇದೇ ಬಿಲ್ಲಿಗೆ ಸೇರಿಸಿ. ಆಮೇಲೆ ಒಂದು ಸ್ಯಾಂಡ್‌ವಿಚ್‌ಗಾಗಿ ಮತ್ತೆ ಪಾಳಿ ಹಚ್ಚುವುದು ಯಾರಿಗೂ ಬೇಡ.

'ಸುಡುಸುಡು ಬೇಕು' ಎನ್ನುವವರಿಗಾಗಿ ಸ್ವಲ್ಪ ವಿವರ. ನಮ್ಮ ಚಾ ಒಲೆಯಿಂದ ಇಳಿದದ್ದು, ತುಟಿ ಸುಡುವಷ್ಟು ಬಿಸಿ. ಇಲ್ಲಿ ಹಾಲನ್ನು 55ರಿಂದ 65 ಡಿಗ್ರಿಗೆ ನಿಲ್ಲಿಸುತ್ತಾರೆ. ಆ ಹದದಲ್ಲಿ ಹಾಲಿನ ಸಹಜ ಸಿಹಿ ನಾಲಿಗೆಗೆ ಚೆನ್ನಾಗಿ ಹತ್ತುತ್ತದೆ. 70 ದಾಟಿದರೆ ಹಾಲಿನ ಪ್ರೋಟೀನ್ ಕೆಟ್ಟು ನೊರೆ ಒಡೆಯುತ್ತದೆ, ಕಾದ ಹಾಲಿನ ವಾಸನೆ ಮೇಲೆ ಬರುತ್ತದೆ. ಬಿಸಿ ಬೇಕೇ ಬೇಕೆಂದರೆ ಆರ್ಡರ್ ಹೇಳುವಾಗಲೇ "ಕಪ್ ಬಿಸಿ ನೀರಾಗ ತೊಳದು ಕೊಡ್ರಿ, ಸ್ವಲ್ಪ ಹೆಚ್ಚು ಬಿಸಿ ಇರ್ಲಿ" ಎನ್ನಿ. ಕಪ್ ಬಂದ ಮೇಲೆ ತಿರುಗಿ ಕಳಿಸಿ ಬಿಸಿ ಮಾಡಿಸಿದರೆ ಆ ಕಾಫಿ ಮುಗಿದಂತೆ.

ಪೋರ್ ಓವರ್ ಕೇಳುವವರು ಬೀಜದ ಹೆಸರು ಹೇಳಲು ತಡವರಿಸಬೇಕಿಲ್ಲ. "ಹುಳಿ ಕಡಿಮಿ ಇರೂದು ಯಾವುದೈತ್ರಿ ಇವತ್ತ?" ಎಂದರೆ ಅವರೇ ಆರಿಸಿ ಕೊಡುತ್ತಾರೆ. ಹಿಂದೆ ಹತ್ತು ಮಂದಿ ನಿಂತಿರುವಾಗ ತೋಟ, ಎತ್ತರ, ತಳಿಯ ಮಾತೆಲ್ಲ ತೆಗೆಯಬೇಡಿ; ಅದು ಮಧ್ಯಾಹ್ನ ಮೂರರ ಮಾತು, ಆಗ ಅವರೂ ಸಂತೋಷದಿಂದ ಹೇಳುತ್ತಾರೆ.

## ಹಂತ 7: ಬಿಲ್ಲು ನೋಡಿ, ಆಮೇಲೆ ಕೊಡಿ

ಬಿಲ್ಲಿನ ಮೇಲೆ ಸಾಮಾನ್ಯವಾಗಿ ಕೇಂದ್ರದ 2.5 ಮತ್ತು ರಾಜ್ಯದ 2.5 ಸೇರಿ ಶೇ 5 ಜಿಎಸ್‌ಟಿ ಇರುತ್ತದೆ. ಕಾಂಪೊಸಿಷನ್ ಪದ್ಧತಿಯಲ್ಲಿರುವ (ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಸರಳ ಜಿಎಸ್‌ಟಿ) ಸಣ್ಣ ಅಂಗಡಿ ಗಿರಾಕಿಯಿಂದ ಜಿಎಸ್‌ಟಿ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. 'ಸರ್ವಿಸ್ ಚಾರ್ಜ್' ಎಂದು ತಾನಾಗಿ ಸೇರಿಸಿದ್ದರೆ ತೆಗೆಯಲು ಹೇಳಬಹುದು. ಅದನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಟೋಕನ್ ಅಥವಾ ನಂಬರ್ ಸ್ಟ್ಯಾಂಡು ಮರೆಯದೆ ತೆಗೆದುಕೊಳ್ಳಿ. ಹೆಸರು ಕೂಗುವ ಅಂಗಡಿಯಾದರೆ ಚಿಕ್ಕ ಹೆಸರು ಕೊಡಿ, ಇಯರ್‌ಫೋನ್ ತೆಗೆದಿಡಿ.

## ಹಂತ 8: ಈಗ ಖುರ್ಚಿ

'ಮೊದಲು ಆರ್ಡರ್' ಅಂಗಡಿಯಲ್ಲಿ ಕಾಫಿ ತಯಾರಾಗುವ ಹತ್ತು ಹದಿನೈದು ನಿಮಿಷದಲ್ಲಿ ಒಂದಾದರೂ ಟೇಬಲ್ ತೆರವಾಗುತ್ತದೆ. ಬಿಲ್ಲಿಗೆ ಮೊದಲೇ ಹೆಲ್ಮೆಟ್ ಇಟ್ಟು ಟೇಬಲ್ ಹಿಡಿದರೆ, ಕಪ್ ಕೈಯಲ್ಲಿ ಹಿಡಿದು ನಿಂತವರಿಗೆ ಜಾಗವಿರುವುದಿಲ್ಲ. ಇಡೀ ಅಂಗಡಿ ಜಾಮ್ ಆಗುವುದು ಹೀಗೆಯೇ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಮಾತ್ರ ಈ ಮಾತು ಬಿಡಿ: ಅವರನ್ನು ಮೊದಲು ಕೂಡಿಸಿ, ಕೌಂಟರಿನಲ್ಲಿ ಹೇಳಿಬಿಡಿ, ಯಾರೂ ಬೇಡ ಅನ್ನುವುದಿಲ್ಲ. ಎತ್ತರದ ಸ್ಟೂಲು ಅವರಿಗೂ ಬೇಡ, ಮಕ್ಕಳಿಗೂ ಬೇಡ.

ಇಬ್ಬರೇ ಇದ್ದರೆ ಆರು ಮಂದಿಯ ಟೇಬಲ್ ಬಿಟ್ಟು ಗೋಡೆಯ ಕಡೆ ಕೂರಿ. ಲ್ಯಾಪ್‌ಟಾಪ್ ತೆರೆಯುವುದು ಮಧ್ಯಾಹ್ನಕ್ಕಿರಲಿ. ತೆರೆದರೂ ಒಂದೂವರೆ ತಾಸಿಗೆ ಒಂದು ಆರ್ಡರ್‌ನಂತೆ ಹೇಳುತ್ತಿರಿ.

## ಹಂತ 9: ಕುಡಿಯುವ ಕ್ರಮ

ಅಂಗಡಿಗೆ ಬರುವ ದಾರಿಯಲ್ಲಿ ಕುಂದಾ ತಿಂದು ಬರಬೇಡಿ. ಸಿಹಿ ಹತ್ತಿದ ನಾಲಿಗೆಗೆ ಕಾಫಿಯ ಹುಳಿ ಎರಡರಷ್ಟಾಗಿ ತೋರುತ್ತದೆ. ಮಿರ್ಚಿ ಭಜಿ, ಗಿರಮಿಟ್ಟಿನ ಖಾರ ಇನ್ನೂ ಕೆಟ್ಟದ್ದು. ಅದರ ಮೇಲೆ ಪೋರ್ ಓವರ್ ಬಿಸಿ ನೀರಿನಂತೆ ಇರುತ್ತದೆ. ಕುಂದಾ ಕಾಫಿಯಾದ ಮೇಲೆ ತಿನ್ನಿ, ಆಗ ಎರಡೂ ಉಳಿಯುತ್ತವೆ. ಮೊದಲು ಎರಡು ಗುಟುಕು ನೀರು ಕುಡಿದು ಬಾಯಿ ತೊಳೆದುಕೊಳ್ಳಿ.

ಎಸ್ಪ್ರೆಸೊ ಬಂದ ಕೂಡಲೇ ಚಮಚದಿಂದ ನಾಲ್ಕೈದು ಸಲ ತಿರುವಿ. ತಳದಲ್ಲಿ ದಪ್ಪ, ಮೇಲೆ ತೆಳುವಾಗಿ ಪದರು ಕೂತಿರುತ್ತದೆ. ತಿರುವದೆ ಕುಡಿದರೆ ಮೊದಲ ಗುಟುಕು ಕಹಿ, ಕೊನೆಯದು ಹುಳಿ. ಎರಡು ನಿಮಿಷದೊಳಗೆ ಮುಗಿಸಿ.

ಹಾಲಿನ ಕಾಫಿ ಐದು ನಿಮಿಷ ಇಟ್ಟರೆ ನೊರೆ ಬೇರೆ, ಹಾಲು ಬೇರೆ ಆಗುತ್ತದೆ. ಫೋಟೊ ಎರಡು ಸಾಕು. ಸಕ್ಕರೆಯನ್ನು ಮೂರು ಗುಟುಕಿನ ಮೇಲೆ ನಿರ್ಧರಿಸಿ. ಚಾದ ರೂಢಿಯಲ್ಲಿ ಕೈ ತಾನಾಗಿ ಎರಡು ಚಮಚ ಹಾಕುತ್ತದೆ, ಆಮೇಲೆ ಯಾವ ಬೀಜವಾದರೂ ಒಂದೇ ರುಚಿ. ಬೇಕೆನಿಸಿದರೆ ಖಂಡಿತ ಹಾಕಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಪೋರ್ ಓವರ್‌ಗೆ ತಾಳ್ಮೆ ಬೇಕು. ಸುಡುವಾಗ ನಾಲಿಗೆಗೆ ಬಿಸಿಯಷ್ಟೇ ತಿಳಿಯುತ್ತದೆ. ಮೂರು ನಿಮಿಷ ಬಿಟ್ಟು ಸಣ್ಣ ಗುಟುಕು, ಬಾಯೊಳಗೆ ಒಮ್ಮೆ ಹೊರಳಿಸಿ ನುಂಗಿ. ಕಪ್ ಹಿಡಿದ ಕೈಗೆ ಬೆಚ್ಚಗೆ ಹಿತವೆನಿಸುವ ಹೊತ್ತಿಗೆ ಸಿಹಿ ಹೊರಬರುತ್ತದೆ. ಇಲ್ಲಿಯ ಹುಳಿ ಖಾನಾಪುರದ ಕಾಡಿನ ಕವಳಿ ಹಣ್ಣಿನಂತೆ: ಹಣ್ಣಾದದ್ದು ಹುಳಿಯ ಹಿಂದೆಯೇ ಸಿಹಿ ತರುತ್ತದೆ, ಕಾಯಿ ಹಲ್ಲು ಚುಳ್ಳೆನಿಸಿ ಬಾಯಿ ಒಗರು ಮಾಡುತ್ತದೆ. ಕಾಫಿಯಲ್ಲೂ ಮೊದಲನೆಯದು ಗುಣ, ಎರಡನೆಯದು ದೋಷ.

## ಹಂತ 10: ಕಪ್ ಕೆಟ್ಟಿದ್ದರೆ

ಎರಡು ಮೂರು ಗುಟುಕಿನೊಳಗೆ ಹೇಳಬೇಕು. ಅರ್ಧ ಕಪ್ ಖಾಲಿಯಾದ ಮೇಲೆ ಹೇಳಿದರೆ ಮರ್ಯಾದೆಯಲ್ಲ. "ಚಲೋ ಇಲ್ಲ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಲಕ್ಷಣ ಹೇಳಿ.

ಹಲ್ಲು ಚುಳ್ಳೆನಿಸುವ ಹುಳಿ, ಜೊತೆಗೆ ಉಪ್ಪಿನ ಛಾಯೆ, ನುಂಗಿದ ಮೇಲೆ ಬಾಯಿ ಖಾಲಿ ಎನಿಸಿದರೆ ರಸ ಪೂರ್ತಿ ಇಳಿದಿಲ್ಲ. ನಾಲಿಗೆ ಒಣಗಿ ಬೂದಿಯ ಕಹಿ ಉಳಿದರೆ ಹೆಚ್ಚು ಇಳಿದಿದೆ, ಇಲ್ಲವೇ ಬೀಜ ಕರಕಲಾಗಿದೆ. ಮೊದಲೆರಡನ್ನು ಬರಿಸ್ತಾ ತಿದ್ದಬಲ್ಲರು, ಕರಕಲು ಬೀಜಕ್ಕೆ ಮದ್ದಿಲ್ಲ. ನೇರವಾಗಿ, ಮೆಲ್ಲಗೆ ಹೇಳಿ: "ಅಕ್ಕಾರ, ಭಾಳ ಹುಳಿ ಹತ್ತಾಕತ್ತೈತ್ರಿ, ಒಮ್ಮೆ ನೋಡ್ರಿ." ಒಳ್ಳೆಯ ಅಂಗಡಿಯವರು ತಾವೂ ಚಮಚದಲ್ಲಿ ರುಚಿ ನೋಡಿ ಬೇರೆ ಮಾಡಿಕೊಡುತ್ತಾರೆ. ನೀವೇ ಕೇಳಿದ ಲೈಟ್ ರೋಸ್ಟ್ ನಿಮಗೆ ಹಿಡಿಸಲಿಲ್ಲವೆಂದರೆ ಅದು ಅವರ ತಪ್ಪಲ್ಲ, ಮುಂದಿನ ಸಲ ಮೀಡಿಯಂ ಕೇಳಿ.

## ಹಂತ 11: ಮನೆಗೆ ಬೀಜ ಕೊಳ್ಳುವಾಗ

ಕಾಫಿ ಚಲೋ ಹತ್ತಿತೆಂದು ಹೋಗುವಾಗ ಒಂದು ಚೀಲ ಎತ್ತಿಕೊಂಡು, ಮನೆಯಲ್ಲಿ ಮಾಡಿ, ಆ ರುಚಿ ಬರಲಿಲ್ಲವೆಂದು ಬೇಸರಪಡುವವರು ಅಂಗಡಿಯಲ್ಲಿ ಸೋತವರಿಗಿಂತ ಹೆಚ್ಚು. ಎರಡು ವಿಷಯ ನೋಡಲೇಬೇಕು: ಹುರಿದ ದಿನಾಂಕ ಮತ್ತು ಬೀಸುವ ಹದ.

ಚೀಲದ ಮೇಲೆ ಹುರಿದ ದಿನಾಂಕವಿಲ್ಲದೆ 'ಬೆಸ್ಟ್ ಬಿಫೋರ್' ಮಾತ್ರ ಇದ್ದರೆ ಬಿಟ್ಟುಬಿಡಿ. ಹುರಿದ ಮೇಲೆ ಬೀಜದೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಲು ಒಂದು ವಾರವಾದರೂ ಬೇಕು. ನಿನ್ನೆ ಹುರಿದದ್ದು ಎಲ್ಲಕ್ಕಿಂತ ತಾಜಾ ಎಂದು ತಂದರೆ ನೀರು ಹಾಕಿದಾಗ ಉಕ್ಕಿ ಉಕ್ಕಿ ರಸ ಸರಿಯಾಗಿ ಇಳಿಯುವುದಿಲ್ಲ. ಒಂದರಿಂದ ಎರಡು ವಾರ ಹಳೆಯದನ್ನು ಆರಿಸಿ, ಆರು ವಾರದೊಳಗೆ ಮುಗಿಸಿ. 250 ಗ್ರಾಂ ಚೀಲದಲ್ಲಿ 15 ಗ್ರಾಂನಂತೆ 16 ಕಪ್ ಆಗುತ್ತದೆ, ಲೆಕ್ಕ ಹಾಕಿ ಕೊಳ್ಳಿ.

ಮನೆಯಲ್ಲಿ ಗ್ರೈಂಡರ್ ಇಲ್ಲದಿದ್ದರೆ ಅಲ್ಲೇ ಬೀಸಿಸಿ, ಆಗ ಮೊಬೈಲಿನ ಫೋಟೊ ತೋರಿಸಿ. 'ಫಿಲ್ಟರ್‌ಗೆ' ಎಂದಷ್ಟೇ ಹೇಳಿದರೆ ಅವರು ಕಾಗದದ ಫಿಲ್ಟರ್ ಎಂದುಕೊಂಡು ದಪ್ಪಗೆ ಬೀಸುತ್ತಾರೆ. ನಿಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿಗೆ ಅದಕ್ಕಿಂತ ಸಣ್ಣ ಪುಡಿ ಬೇಕು, ಎಸ್ಪ್ರೆಸೊದಷ್ಟು ನುಣ್ಣಗೆ ಬೇಡ. ಚಿಕೋರಿ ಇಲ್ಲದ ಪುಡಿಯಲ್ಲಿ ನೀರು ಬೇಗ ಇಳಿಯುತ್ತದೆ, ಡಿಕಾಕ್ಷನ್ ತೆಳುವಾಗುತ್ತದೆ. ಪುಡಿ ಕಡಿಮೆ ಹಾಕಿ ಉಳಿಸಲು ಹೋಗಬೇಡಿ. 30 ಗ್ರಾಂ ಪುಡಿಗೆ 150 ಮಿಲಿ ನೀರು ಹಾಕಿ 15–20 ನಿಮಿಷ ಬಿಟ್ಟರೆ ಸುಮಾರು 90 ಮಿಲಿ ಇಳಿಯುತ್ತದೆ. ಉಳಿದದ್ದನ್ನು ಪುಡಿಯೇ ಹೀರುತ್ತದೆ. 30 ಮಿಲಿ ಡಿಕಾಕ್ಷನ್‌ಗೆ 90 ಮಿಲಿ ಹಾಲಿನಂತೆ ಮೂರು ಲೋಟ.

ಕಾಗದದ ಫಿಲ್ಟರಿಗೆ 15 ಗ್ರಾಂ ಪುಡಿ, 240 ಮಿಲಿ ನೀರು. ಮೊದಲು 40 ಮಿಲಿಯಷ್ಟು ಸುರಿದು 40 ಸೆಕೆಂಡು ಬಿಟ್ಟು, ಉಳಿದದ್ದನ್ನು ಮೂರು ಸಲಕ್ಕೆ ನಿಧಾನ ಸುರಿಯಿರಿ. ಒಟ್ಟು ಮೂರು ನಿಮಿಷದ ಆಚೀಚೆ ಮುಗಿಯಬೇಕು. ಎರಡೇ ನಿಮಿಷಕ್ಕೆ ಇಳಿದು ಹುಳಿಯಾದರೆ ಪುಡಿ ದಪ್ಪ, ನಾಲ್ಕು ದಾಟಿ ಕಹಿಯಾದರೆ ಪುಡಿ ಸಣ್ಣ. ಫ್ರೆಂಚ್ ಪ್ರೆಸ್‌ಗೆ (ನೆನೆದ ಪುಡಿಯನ್ನು ಜಾಲರಿಯಿಂದ ಕೆಳಗೊತ್ತುವ ಪಾತ್ರೆ) ಅದೇ ತೂಕ, ರವೆಯಂಥ ದಪ್ಪ ಪುಡಿ, ನಾಲ್ಕು ನಿಮಿಷ.

ನೀರಿನ ಮಾತು ಬಿಡುವಂತಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಕುದಿ ನಿಂತ ಅರ್ಧ ನಿಮಿಷದ ಮೇಲೆ ಸುರಿದರೆ ಹದ ಸರಿಯಿರುತ್ತದೆ. ಗಡಸು ಬೋರ್ ನೀರಿನಲ್ಲಿ ಹುಳಿ ಸತ್ತು ಕಾಫಿ ಮಣ್ಣುಮಣ್ಣಾಗುತ್ತದೆ, ವಿಜಯಪುರ, ಬಾಗಲಕೋಟೆ ಕಡೆಗೆ ಬೀಜ ಒಯ್ಯುವವರಿಗೆ ಇದು ಮುಖ್ಯ. ಬರೀ ಆರ್‌ಒ ನೀರಿನಲ್ಲಿ ಖನಿಜವೇ ಇಲ್ಲದೆ ರುಚಿ ತೆಳುವಾಗುತ್ತದೆ. ಆರ್‌ಒ ನೀರಿಗೆ ಸ್ವಲ್ಪ ಕುಡಿಯುವ ನಲ್ಲಿ ನೀರು ಬೆರೆಸಿ, ನಾಲ್ಕಕ್ಕೆ ಒಂದರಂತೆ ಶುರು ಮಾಡಿ ರುಚಿ ನೋಡಿ ಹೊಂದಿಸಿ.

ಚೀಲವನ್ನು ಫ್ರಿಜ್ಜಿನಲ್ಲಿಡಬೇಡಿ. ತೆಗೆದಾಗಲೆಲ್ಲ ಬೀಜದ ಮೇಲೆ ತೇವ ಕೂರುತ್ತದೆ, ಬೆಳ್ಳುಳ್ಳಿ, ಚಟ್ನಿಯ ವಾಸನೆ ಹೀರುತ್ತದೆ. ಗಾಳಿಯಾಡದ ಡಬ್ಬಿ, ಒಲೆಯಿಂದ ದೂರ, ಬಿಸಿಲು ಬೀಳದ ಕಪಾಟು. ಮಳೆಗಾಲದಲ್ಲಿ ಒದ್ದೆ ಚಮಚ ಹಾಕುವ ಅಭ್ಯಾಸ ಮನೆಯವರೆಲ್ಲರಿಗೂ ತಪ್ಪಿಸಿ. ಡಬ್ಬಿ ತೆಗೆದಾಗ ಹಳೆಯ ಶೇಂಗಾ ಎಣ್ಣೆಯಂಥ ಮುಗ್ಗಲು ವಾಸನೆ ಬಂದರೆ ಬೀಜದ ಎಣ್ಣೆ ಕೆಟ್ಟಿದೆ, ಎಷ್ಟು ಹಾಲು ಸಕ್ಕರೆ ಹಾಕಿದರೂ ಅದು ಮುಚ್ಚುವುದಿಲ್ಲ. ಅದನ್ನು ಗಿಡದ ಬುಡಕ್ಕೆ ಹಾಕಿ, ಮುಂದಿನ ಸಲ 100 ಗ್ರಾಂ ಮಾತ್ರ ಬೀಸಿಸಿ ತನ್ನಿ.